ಸೂತಕಕ್ಕೊಂದು ಸಾಂಡ್

ಹೋದ ವಾರ ಹನುಮಾನ್ ಘಾಟಿನಲ್ಲಿ ಚಿಂತಾಮಣಿ ಕಡೆಯಿಂದ ಬಂದ ಯಾತ್ರಿಕರೊಬ್ಬರಿಗೆ ತರ್ಪಣ ಮಾಡಿಸುತ್ತಿದ್ದೆ. ಬೆರಳಿಗೆ ಪವಿತ್ರ ಕೊಡೋಣವೆಂದು ದರ್ಭೆಯ ಚೀಲಕ್ಕೆ ಕೈ ಹಾಕಿದರೆ ಬಂದದ್ದು ಗಿಟಾರಿನ ಪಿಕ್ಕು. ತಂತಿ ಮೀಟುವುದಕ್ಕೆಂದು ಇಟ್ಟುಕೊಳ್ಳುವ, ಉಗುರಿಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ಚೂರು. ಪಾಪ, ಅವರು ಎರಡೂ ಕೈ ಒಡ್ಡಿ ಅದನ್ನು ಭಕ್ತಿಯಿಂದ ತೆಗೆದುಕೊಂಡು, "ಸ್ವಾಮಿ, ಇದನ್ನ ಯಾವ ಬೆರಳಿಗೆ ಹಾಕ್ಕೋಬೇಕು?" ಎಂದು ಕೇಳಿದರು. "ಅದು ನಿಮಗಲ್ಲ, ನನಗೆ" ಎಂದು ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಪುರೋಹಿತರಿಗೆ ಮಾತ್ರ ಇರುವ ಯಾವುದೋ ವಿಶೇಷ ಸಾಧನ ಇರಬೇಕೆಂದು ಅವರು ಸುಮ್ಮನಾದರು.

ನಮ್ಮದು ಮೂರು ತಲೆಮಾರಿನಿಂದ ಕಾಶಿಯಲ್ಲಿ ಕರ್ನಾಟಕದವರಿಗೆ ಶ್ರಾದ್ಧ, ತರ್ಪಣ ಮಾಡಿಸುವ ಮನೆ. ಮೂಲ ಊರು ಕಡೂರಿನ ಹತ್ತಿರ ಎನ್ನುತ್ತಾರೆ. ನಾನು ನೋಡಿಲ್ಲ. ಆರನೇ ವರ್ಷಕ್ಕೆ ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವರು ದೊಡ್ಡಪ್ಪ. ಅವರಿಗೆ ಮಕ್ಕಳಿಲ್ಲ. ಮನೆಯ ಹೊಸಿಲು ದಾಟಿದರೆ ನಾನು ಗಲ್ಲಿಯ ಹುಡುಗರೊಂದಿಗೆ ಹಿಂದಿ, ಒಳಗೆ ಬಂದರೆ ದೊಡ್ಡಪ್ಪನೊಂದಿಗೆ ಕನ್ನಡ. ಹೊಸಿಲ ಮೇಲೆ ನಿಂತು ಹಿಂದಿಯಲ್ಲಿ ಏನಾದರೂ ಕೇಳಿದರೆ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಆ ಎಡವಟ್ಟ ನಾನು. ಬೆಳಿಗ್ಗೆ ಪಿಂಡಪ್ರದಾನ ಮಾಡಿಸುವ ಕೈಯಲ್ಲೇ ಸಂಜೆ ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸತೊಡಗಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು.

ನಮ್ಮ ಬ್ಯಾಂಡಿನಲ್ಲಿ ನಾಲ್ಕು ಜನ. ಡ್ರಮ್ಮಿಗೆ ಮುನ್ನಾ. ಸೋನಾರ್‌ಪುರದಲ್ಲಿ ಅವರ ಮನೆಯವರದು ಹಾಲಿನಂಗಡಿ. ಚಿಕ್ಕಂದಿನಿಂದ ನಮ್ಮ ಅಂಗಳದಲ್ಲೇ ಆಡಿದವನಾದ್ದರಿಂದ ಅವನಿಗೆ ಒಂದು ತರಹದ ಕನ್ನಡವೂ ಬರುತ್ತದೆ. ಹಾಡುವವನೊಬ್ಬ, ಲೀಡ್ ಗಿಟಾರಿನವನೊಬ್ಬ, ಇಬ್ಬರೂ ಬಂಗಾಳಿಗಳು. ನಮ್ಮಲ್ಲಿ ಇದ್ದದ್ದು ಒಂದೇ ಒಂದು ಭಾರಿ ಹಾಡು. ಅದರ ಹೆಸರು ಸಾಂಡ್, ಅಂದರೆ ಗೂಳಿ.

ಕಾಶಿಯ ಗಲ್ಲಿಯಲ್ಲಿ ಗೂಳಿ ಅಡ್ಡ ನಿಂತರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮುಂದೆ ಹೋಗುವ ಹಾಗಿಲ್ಲ, ಹಿಂದೆ ಸ್ಕೂಟರು. ಅದು ಹೊರಡುವವರೆಗೆ ಹೆಣವೂ ಕಾಯಬೇಕು, ಮದುವೆಯ ದಿಬ್ಬಣವೂ ಕಾಯಬೇಕು. ಹಾಗೆ ಒಂದು ದಿನ ಶಿವಾಲದ ಗಲ್ಲಿಯಲ್ಲಿ ಕಾಯುತ್ತ ನಿಂತಾಗ ಮುನ್ನಾ ಪಕ್ಕದ ಕಬ್ಬಿಣದ ಬಾಗಿಲಿನ ಮೇಲೆ ಗೂಳಿಯ ಉಸಿರಿನ ಲೆಕ್ಕಕ್ಕೆ ಕೈ ಬಡಿಯತೊಡಗಿದ. ಮೂರು ಭಾರದ ಪೆಟ್ಟು, ಒಂದು ಬಿಡುವು. ಹಾಡು ಹುಟ್ಟಿದ್ದು ಅಲ್ಲೇ. ಶುರುವಿನಲ್ಲಿ ಆ ಭಾರದ ಪೆಟ್ಟುಗಳು, ಆಮೇಲೆ ಎರಡು ಸಾಲು ಹಾಡು, ಆಮೇಲೆ ಮಧ್ಯದಲ್ಲಿ ಬಯಲು. ಅಲ್ಲಿ ಯಾರು ಏನು ಬೇಕಾದರೂ ನುಡಿಸಬಹುದು. ಎಷ್ಟು ಹೊತ್ತು ಎಂದು ಯಾರಿಗೂ ಗೊತ್ತಿಲ್ಲ. ಗೂಳಿ ಹೊರಟಿತೆಂದು ನನಗೆ ಅನ್ನಿಸಿದಾಗ ನಾನು ಮುನ್ನಾನ ಕಡೆ ತಲೆಯಾಡಿಸಬೇಕು. ಆಗ ಎಲ್ಲರೂ ಮೊದಲಿನ ಪೆಟ್ಟಿಗೆ ಬಂದು ಮುಗಿಸುವುದು. ಬೇಸ್ ನುಡಿಸುವವನಿಗೆ ಬ್ಯಾಂಡಿನಲ್ಲಿ ಮರ್ಯಾದೆ ಕಡಿಮೆ. ತಲೆಯಾಡಿಸುವ ಈ ಒಂದು ಅಧಿಕಾರವನ್ನು ಕೊಟ್ಟು ನನ್ನನ್ನು ಸಮಾಧಾನ ಮಾಡಿದ್ದರು.

ಈಗ ನನ್ನ ಕಷ್ಟ ಕೇಳಿ. ನಮ್ಮ ಮನೆಯಲ್ಲಿ ನಡೆಯುವ ಶ್ರಾದ್ಧಗಳಿಗೆ ಊಟಕ್ಕೆ ಕೂರುವ ಬ್ರಾಹ್ಮಣರು ಯಾವಾಗಲೂ ಒಬ್ಬರು ಕಡಿಮೆ. ಆ ಒಬ್ಬ ನಾನೇ. ವಯಸ್ಸು, ಹಸಿವು, ಜೀರ್ಣಶಕ್ತಿ ಮೂರೂ ಇದ್ದವು. ಆದರೆ ಶ್ರಾದ್ಧದ ಎಲೆಗೆ ಕೂತವನಿಗೆ ಆ ದಿನ ಕಟ್ಟುಪಾಡು ಬಹಳ. ಇನ್ನೊಂದು ಊಟವಿಲ್ಲ, ಪ್ರಯಾಣವಿಲ್ಲ, ಮೈ ದಣಿಸುವ ಹಾಗಿಲ್ಲ. ಗಿಟಾರು ನೇತುಹಾಕಿಕೊಂಡು ಕುಣಿಯುವುದಂತೂ ದೂರದ ಮಾತು. ವಡೆಯನ್ನು ಅಷ್ಟು ತಿಂದವನು ಕುಣಿಯುವ ಸ್ಥಿತಿಯಲ್ಲೂ ಇರುತ್ತಿರಲಿಲ್ಲ ಅನ್ನಿ. ನನಗೆ ಬಿಡುಗಡೆ ಸಿಗುತ್ತಿದ್ದುದು ಒಂದೇ ಕಾರಣಕ್ಕೆ: ಸೂತಕ. ಕರ್ನಾಟಕದಲ್ಲಿ ನಮ್ಮ ದಾಯಾದಿಗಳು ಯಾರಾದರೂ ತೀರಿಕೊಂಡರೆ ನಮಗೆ ಹತ್ತು ದಿನ ಮೈಲಿಗೆ. ಮೈಲಿಗೆಯಲ್ಲಿರುವವನು ಯಾರಿಗೂ ಕರ್ಮ ಮಾಡಿಸುವಂತಿಲ್ಲ, ಯಾರೂ ಅವನನ್ನು ಎಲೆಗೆ ಕರೆಯುವಂತಿಲ್ಲ. ಸೂತಕದಲ್ಲಿ ಗಿಟಾರ್ ನುಡಿಸಬಹುದೇ ಎಂದು ನೀವು ಕೇಳುತ್ತೀರಿ. ನಾನೂ ಒಮ್ಮೆ ದೊಡ್ಡಪ್ಪನನ್ನು ಅಂಜುತ್ತ ಕೇಳಿದ್ದೆ. ಅವರು ಪಂಚಾಂಗದಿಂದ ತಲೆ ಎತ್ತದೆ, "ನಿಷಿದ್ಧದ ಪಟ್ಟೀಲಿ ಗಿಟಾರು ಬಂದಿಲ್ಲ ಕಣೋ" ಎಂದರು. ಅಷ್ಟೇ. ಬ್ಯಾಂಡಿನ ಬಗ್ಗೆ ಅವರಾಡಿದ ಮಾತುಗಳಲ್ಲಿ ಬೈಗುಳವಲ್ಲದ್ದು ಅದೊಂದೇ.

ಹಾಗಾಗಿ ನಮ್ಮ ಸಾಂಡ್ ಹಾಡಿನ ಚರಿತ್ರೆ ಎಂದರೆ ನಮ್ಮ ವಂಶದ ಸಾವಿನ ಚರಿತ್ರೆ. ಮುನ್ನಾ ಪ್ರತಿ ಕಾರ್ಯಕ್ರಮವನ್ನೂ ರೆಕಾರ್ಡ್ ಮಾಡಿ, ಒಂದು ನೋಟುಪುಸ್ತಕದಲ್ಲಿ ತಾರೀಖು, ಜಾಗ, ಹಾಡು ಎಷ್ಟು ನಿಮಿಷ ನಡೆಯಿತು ಎಂದು ಬರೆದಿಡುತ್ತಿದ್ದ. ಗುರುತಿಗೆ ಒಂದು ಹೆಸರು ಬೇಕಲ್ಲ? "ಈ ಸಲ ಯಾರು ಹೋದ್ರು, ಭೈಯಾ?" ಎಂದು ಕೇಳಿ ಆ ಹೆಸರನ್ನೇ ಬರೆಯುತ್ತಿದ್ದ.

ಮೊದಲನೆಯದು ಸೀತಾರಾಮಯ್ಯನವರ ಸಾಂಡ್. ಒಂದು ಹಾಸ್ಟೆಲಿನ ವಾರ್ಷಿಕೋತ್ಸವ. ನಾಲ್ಕೇ ನಿಮಿಷ. ಹೆದರಿ ನಾನು ಬಯಲಿಗೆ ಕಾಲಿಡುವ ಮೊದಲೇ ತಲೆಯಾಡಿಸಿಬಿಟ್ಟೆ. ಎರಡನೆಯದು ಪುಟ್ಟಲಕ್ಷ್ಮಮ್ಮನವರದು. ಆ ದಿನ ಹಾಡಿನ ನಡುವೆ ಕರೆಂಟು ಹೋಯಿತು. ಗಿಟಾರುಗಳೆಲ್ಲ ಸತ್ತವು, ಮುನ್ನಾ ಒಬ್ಬನೇ ಹನ್ನೊಂದು ನಿಮಿಷ ಬಾರಿಸಿದ. ಕೂತಿದ್ದವರೆಲ್ಲ ಮೂರು ಪೆಟ್ಟು ಒಂದು ಬಿಡುವಿಗೆ ಚಪ್ಪಾಳೆ ತಟ್ಟುತ್ತ ಕಾದರು. ಕರೆಂಟು ಬಂದ ಕ್ಷಣ ನಾಲ್ವರೂ ಸರಿಯಾಗಿ ಪೆಟ್ಟಿನ ಮೇಲೆ ಬಿದ್ದೆವು. ಇವತ್ತಿಗೂ ಅದು ಹೇಗಾಯಿತೆಂದು ನಮಗೆ ಗೊತ್ತಿಲ್ಲ.

ಅನಂತರಾಮಯ್ಯನವರ ಸಾಂಡ್ ಅಸ್ಸಿ ಘಾಟಿನಲ್ಲಿ ಆದದ್ದು. ಅವತ್ತು ಮಧ್ಯದ ಬಯಲಿನಲ್ಲಿ ನಿಜವಾದ ಗೂಳಿಯೇ ಬಂದು ಸ್ಪೀಕರಿನ ಮುಂದೆ ನಿಂತಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ದೊಡ್ಡಪ್ಪ ಬೈಯುತ್ತಿದ್ದರಲ್ಲ, ಆ ಗಾದೆ ಕಣ್ಣೆದುರಿಗೇ ಬಂದು ನಿಂತಂತಾಯಿತು. ಅದು ಹೋಗದೆ ನಾನು ತಲೆಯಾಡಿಸುವುದು ಹೇಗೆ? ಮೂವತ್ತೊಂದು ನಿಮಿಷ ನುಡಿಸಿದೆವು. ಬೆರಳಿನಲ್ಲಿ ಬೊಬ್ಬೆ. ಕೊನೆಗೆ ಯಾರೋ ಪುಣ್ಯಾತ್ಮರು ಅದಕ್ಕೆ ಎಲೆಕೋಸು ತೋರಿಸಿ ಕರೆದುಕೊಂಡು ಹೋದರು.

ಈ ರೆಕಾರ್ಡುಗಳು ಕೈಯಿಂದ ಕೈಗೆ ಹೋದವು. ಇಂಥ ಹಾಡುಗಳ ಹುಚ್ಚಿನವರದೇ ಒಂದು ಪಂಗಡವಿದೆ. ಹಾಡು ಒಂದೇ ಆದರೂ ಯಾವ ದಿನ ಹೇಗೆ ನುಡಿಸಿದರು ಎಂದು ಜಗಳವಾಡುತ್ತಾರೆ. ಒಮ್ಮೆ ಲಖನೌದ ಹುಡುಗಿಯೊಬ್ಬಳು ನನಗೆ ಮೆಸೇಜು ಮಾಡಿ, "ಅನಂತರಾಮಯ್ಯ ಉದ್ದ ಇರಬಹುದು, ಆದರೆ ಪುಟ್ಟಲಕ್ಷ್ಮಮ್ಮನ ಮುಂದೆ ಏನೂ ಅಲ್ಲ" ಎಂದು ಹಿಂದಿಯಲ್ಲಿ ವಾದಿಸಿದಳು. ಓದಿ ನನಗೆ ನಗು ಬಂತು, ಆಮೇಲೆ ಒಂದು ತರಹ ಆಯಿತು. ಲಖನೌದಲ್ಲಿ ಹೆಸರಾದ ಈ ಪುಟ್ಟಲಕ್ಷ್ಮಮ್ಮ ಯಾರು? ನನಗೇ ಗೊತ್ತಿಲ್ಲ. ದೊಡ್ಡಪ್ಪನನ್ನು ಕೇಳಿದೆ.

"ಅವಳಾ? ಹುಣಿಸೇ ತೊಕ್ಕು ಅಂದ್ರೆ ಅವಳದ್ದೇ. ಗುಡುಗಿಗೆ ಹೆದರೋಳು. ಮೋಡ ಆದ್ರೆ ಸಾಕು, ನಡುಮನೇಲಿ ಒರಳು ಕಲ್ಲಿನ ಪಕ್ಕ ಕೂತ್ಬಿಡೋಳು" ಎಂದರು. ಗುಡುಗಿಗೆ ಹೆದರುತ್ತಿದ್ದ ಆ ತಾಯಿಯ ಹೆಸರಿನಲ್ಲಿ ನಾವು ಹನ್ನೊಂದು ನಿಮಿಷ ಡ್ರಮ್ಮು ಬಡಿದಿದ್ದೆವು. ಅಂದಿನಿಂದ ಪ್ರತಿ ಸಲವೂ ಹೋದವರ ಬಗ್ಗೆ ದೊಡ್ಡಪ್ಪನನ್ನು ಕೇಳುವುದು ರೂಢಿಯಾಯಿತು. ನೋಡದ ಊರಿನ, ಕಾಣದ ನೆಂಟರು ಒಬ್ಬೊಬ್ಬರಾಗಿ ನನಗೆ ಹಾಗೆ ಪರಿಚಯವಾದರು, ಸತ್ತ ಮೇಲೆ.

ಒಂದು ಪಾಪವನ್ನೂ ಒಪ್ಪಿಕೊಂಡುಬಿಡುತ್ತೇನೆ. ಕಾರ್ಯಕ್ರಮದ ದಿನ ಗೊತ್ತಾದ ಕೂಡಲೇ ನನ್ನ ಮನಸ್ಸು ತನ್ನಷ್ಟಕ್ಕೆ ದಾಯಾದಿಗಳಲ್ಲಿ ವಯಸ್ಸಾದವರನ್ನು ನೆನೆಯುತ್ತಿತ್ತು. ಛೆ ಎಂದು ತಲೆ ಕೊಡವಿಕೊಳ್ಳುತ್ತಿದ್ದೆ. ಆದರೂ ವಿಚಿತ್ರವೆಂದರೆ, ಮುಖ್ಯವಾದ ಕಾರ್ಯಕ್ರಮಗಳಿಗೆ ಸೂತಕ ತಪ್ಪದೆ ಒದಗುತ್ತಿತ್ತು. ನನ್ನ ಅದೃಷ್ಟ ಅಂದುಕೊಂಡಿದ್ದೆ.

ಅದೃಷ್ಟವಲ್ಲವೆಂದು ತಿಳಿದದ್ದು ಬಹಳ ತಡವಾಗಿ. ಅನಂತರಾಮಯ್ಯನವರ ಮೊಮ್ಮಗ ಕಾಶಿಗೆ ಬಂದಿದ್ದ. ಮಾತಿಗೆ ಮಾತು ಬಂದು, "ತಾತ ಹೋದದ್ದು ಸೋಮವಾರ. ಅವತ್ತೇ ನಿಮ್ಮ ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದ್ವಲ್ಲ" ಎಂದ. ನನಗೆ ದೊಡ್ಡಪ್ಪ ಹೇಳಿದ್ದು ಶುಕ್ರವಾರ. ಅಸ್ಸಿಯ ಕಾರ್ಯಕ್ರಮ ಅದರ ಮುಂದಿನ ಬುಧವಾರವಿತ್ತು. ಮಧ್ಯದ ಮೂರು ದಿನ ನಾನು ದೊಡ್ಡದೊಂದು ಯಾತ್ರಿಕರ ತಂಡಕ್ಕೆ ಕರ್ಮ ಮಾಡಿಸಿದ್ದೆ. ದೊಡ್ಡಪ್ಪ ಬಂದಿರಲಿಲ್ಲ. ಅವರಿಗೆ ಮಂಡಿ ನೋವಿತ್ತು.

ಶಾಸ್ತ್ರ ಹೀಗಿದೆ: ಸುದ್ದಿ ಕೇಳಿದವನಿಗೆ ಸೂತಕ, ಕೇಳದವನಿಗಿಲ್ಲ. ಅವರು ಸುದ್ದಿ ಕೇಳಿ, ತಮ್ಮ ಮಟ್ಟಿಗೆ ಮೈಲಿಗೆ ಹಿಡಿದು, ದೇವರ ಗೂಡು ಮುಟ್ಟದೆ, ಮಂಡಿ ನೋವೆಂದು ಮೂಲೆಯಲ್ಲಿ ಕೂತಿದ್ದರು. ಯಾತ್ರಿಕರ ಕೆಲಸ ಕೆಡಬಾರದು, ನನ್ನ ಹಾಡೂ ಕೆಡಬಾರದು. ನನಗೆ ಯಾವತ್ತು ಹೇಳಿದರೆ ಎರಡೂ ಕೂಡಿಬರುತ್ತದೋ ಆ ದಿನ ನೋಡಿ ಹೇಳುತ್ತಿದ್ದರು. ಮುನ್ನಾನ ನೋಟುಪುಸ್ತಕ ತರಿಸಿ ಹಿಂದಿನದೆಲ್ಲ ನೆನಪು ಮಾಡಿಕೊಂಡೆ. ಪುಟ್ಟಲಕ್ಷ್ಮಮ್ಮನ ಸಲವೂ ಮಂಡಿ ನೋವು. ಸೀತಾರಾಮಯ್ಯನ ಸಲವೂ ಮಂಡಿ ನೋವು. ಆಗ ಅವರಿಗೆ ಅರವತ್ತೂ ಆಗಿರಲಿಲ್ಲ. ತನ್ನವರು ಸತ್ತ ದುಃಖವನ್ನು ಆ ಮನುಷ್ಯ ಯಾರಿಗೂ ಹೇಳದೆ ಮೂರು ಮೂರು ದಿನ ಒಬ್ಬರೇ ಇಟ್ಟುಕೊಂಡಿದ್ದರು, ನಾನು ಗಿಟಾರ್ ನುಡಿಸಲಿ ಎಂದು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಆದರೆ ಗೊತ್ತಾಯಿತೆಂದು ಅವರಿಗೆ ಹೇಳಲಿಲ್ಲ. ಹೇಳಿದ್ದರೆ, "ಯಾವ ಮಂಡಿ? ಯಾವ ಫೋನು?" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ ಎದ್ದು ಹೋಗುತ್ತಿದ್ದರು.

ಇಷ್ಟಾದರೂ ಅವರು ಒಂದು ಸಲವೂ ಹಾಡು ಕೇಳಿರಲಿಲ್ಲ. "ನಂಗೆ ಸದ್ದು ಆಗಲ್ಲ" ಎನ್ನುತ್ತಿದ್ದರು. ಕೊನೆಗೆ ಬ್ಯಾಂಡೂ ಚದುರಿತು. ಆರು ವರ್ಷ ನಾವು ಒಟ್ಟಿಗೆ ನುಡಿಸಲೇ ಇಲ್ಲ. ಈ ವರ್ಷ ಫಾಲ್ಗುಣದಲ್ಲಿ ಮುನ್ನಾ ಎಲ್ಲರನ್ನೂ ಕೂಡಿಸಿ ಶಿವಾಲ ಘಾಟಿನಲ್ಲಿ ಒಂದು ಸಂಜೆ ಗೊತ್ತು ಮಾಡಿದ. ಅಷ್ಟರಲ್ಲಿ ದೊಡ್ಡಪ್ಪನಿಗೆ ಎಂಬತ್ತೆರಡು. ಹೃದಯ ಬಹಳ ಸೋತಿದೆ, ಜೋಪಾನ ಎಂದು ಡಾಕ್ಟರು ಹೇಳಿದ್ದರು. ವಿಷಯ ತಿಳಿದು, ಆ ದಿನಕ್ಕೆ ಮನೆಯಲ್ಲಿ ಯಾವ ಶ್ರಾದ್ಧವನ್ನೂ ಒಪ್ಪಿಕೊಳ್ಳದೆ, ಅವರೇ ನನ್ನನ್ನು ಕರೆದರು.

"ಶೀನ, ಆ ನಿನ್ನ ಗೂಳಿ ಹಾಡು ಒಂದ್ಸಲ ಕೇಳಿಬಿಡೋಣ ಅಂತಿದೀನಿ."

"ಸದ್ದು ಆಗಲ್ಲ ಅಂತಿದ್ರಿ?"

"ನಾ ಹೋದಾಗ ನೀನು ನುಡಿಸೋ ಹಾಗಿಲ್ಲ. ಕರ್ಮ ಮಾಡೋನು ನೀನೇ. ಎಲ್ಲರ ಹೆಸರಲ್ಲೂ ಒಂದೊಂದು ಹಾಡು ಇದೆ, ನಂದು ಮಾತ್ರ ಇರಲ್ಲ. ಅದಕ್ಕೆ ಈಗಲೇ ಕೇಳ್ತೀನಿ."

ನಗುತ್ತಲೇ ಹೇಳಿದರು. ನಾನು ನಗಲಿಲ್ಲ. ಈ ಒಂದು ಸಂಜೆ ಕೆಡದೆ ನಡೆದುಬಿಡಲಿ ಎಂದು ಕೇದಾರೇಶ್ವರನಿಗೆ ಹರಕೆ ಹೊತ್ತೆ. ಇಷ್ಟು ವರ್ಷ ಸಾವಿನ ದಾರಿ ಕಾದವನು, ಈ ಸಲ ಯಾರೂ ಸಾಯಬೇಡಿ ಎಂದು ಬೇಡಿಕೊಂಡೆ.

ಕಾರ್ಯಕ್ರಮದ ದಿನ ಬೆಳಿಗ್ಗೆ ಏಳಕ್ಕೆ ಫೋನು ಬಂತು. ಕಡೂರಿನ ಸುಬ್ಬಣ್ಣನವರ ಸೊಸೆ. ಮಾವ ಹೋದರಂತೆ. ಸುಬ್ಬಣ್ಣ ದೊಡ್ಡಪ್ಪನ ಚಿಕ್ಕಪ್ಪನ ಮಗ. ಹುಡುಗರಾಗಿದ್ದಾಗ ಇಬ್ಬರೂ ಇದೇ ಹನುಮಾನ್ ಘಾಟಿನ ಪಾಠಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ವೇದ ಕಲಿತವರು. ಸುಬ್ಬಣ್ಣ ಊರಿಗೆ ಮರಳಿದರು, ಇವರು ಇಲ್ಲೇ ಉಳಿದರು. ದೊಡ್ಡಪ್ಪನನ್ನು ಈ ಜಗತ್ತಿನಲ್ಲಿ 'ಲೋ' ಎಂದು ಕರೆಯಲು ಉಳಿದಿದ್ದವರು ಅವರೊಬ್ಬರೇ.

ಫೋನು ಹಿಡಿದುಕೊಂಡು ನಿಂತೇ ಇದ್ದೆ. ಹೇಳಿದರೆ ದೊಡ್ಡಪ್ಪ ಬರುವುದಿಲ್ಲ. ಆ ಹೃದಯ ಈ ಸುದ್ದಿಯನ್ನು ತಡೆಯುತ್ತದೋ ಇಲ್ಲವೋ. ಸಂಜೆ ಹೇಳೋಣ ಎಂದು ನಿರ್ಧರಿಸಿ ಒಳಗೆ ಬಂದೆ. ದೊಡ್ಡಪ್ಪ ಕಂಬಕ್ಕೊರಗಿ ಕೂತಿದ್ದರು.

"ಶೀನ, ದೇವರ ಪೂಜೆ ಇವತ್ತು ನೀನು ಮಾಡಿಬಿಡು. ಯಾಕೋ ಮಂಡಿ ಹಿಡ್ಕೊಂಡಿದೆ."

ಎಂಬತ್ತೆರಡರ ಮಂಡಿ, ಈಚೆಗೆ ನಿಜವಾಗಿಯೇ ನೋಯುತ್ತಿತ್ತು. ನಾನು ಅನುಮಾನಿಸಲಿಲ್ಲ. ನನಗಿದ್ದ ಪೇಚು ಬೇರೆ: ಸುದ್ದಿ ಕೇಳಿದ ಮೈಯಲ್ಲಿ ನಾನು ಸಾಲಿಗ್ರಾಮ ಮುಟ್ಟುವುದು ಹೇಗೆ? ಬೇರೆ ಸುಳ್ಳು ಹೊಳೆಯಲಿಲ್ಲ.

"ನಂಗೂ ಮಂಡಿ ನೋವು, ದೊಡ್ಡಪ್ಪ" ಎಂದೆ.

ಅವರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಒಲೆಯ ಹತ್ತಿರವಿದ್ದ ನನ್ನ ಹೆಂಡತಿ ಗಾಯತ್ರಿ, "ಅಲ್ಲಾ, ಇಬ್ಬರಿಗೂ ಒಂದೇ ದಿನ ಮಂಡಿ ನೋವಾ? ದೇವರು ಉಪವಾಸ ಕೂರಬೇಕಾ?" ಎಂದಳು. "ಪಕ್ಕದ ಮನೆ ಕೇಶವನ್ನ ಕರಿಯಮ್ಮ" ಎಂದರು ದೊಡ್ಡಪ್ಪ, "ಅವನ ಮಂಡಿ ಗಟ್ಟಿ ಇದೆ." ನಮ್ಮ ಮನೆಯ ದೇವರಿಗೆ ಅವತ್ತು ಕೇಶವ ಪೂಜೆ ಮಾಡಿದ.

ಸಂಜೆ ಐದಕ್ಕೆ ಶುರು ಮಾಡಿದೆವು. ದೊಡ್ಡಪ್ಪ ಗಾಯತ್ರಿಯ ಕೈ ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದು ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕಿವಿಯಲ್ಲಿ ದೀಪದ ಬತ್ತಿಯ ಹತ್ತಿ. ನಾಲ್ಕನೆಯ ಹಾಡಾಗಿ ಸಾಂಡ್ ಎತ್ತಿಕೊಂಡಾಗ ಅವರು ಎರಡೂ ಕಿವಿಯ ಹತ್ತಿ ತೆಗೆದು ಉಡಿಗೆ ಹಾಕಿಕೊಂಡರು. ಎದೆಯ ಮೇಲೆ ಕೈ ಇಟ್ಟುಕೊಂಡು, ಬಗ್ಗಿ ಕೂತು ಕೇಳಿದರು. ಪಾಠ ಒಪ್ಪಿಸುವಾಗ ನನ್ನನ್ನು ಕೇಳುತ್ತಿದ್ದ ಹಾಗೆಯೇ ಕೇಳಿದರು.

ಎರಡು ಸಾಲು ಮುಗಿದು ಬಯಲಿಗೆ ಬಂದೆವು. ಹತ್ತು ನಿಮಿಷ ಆಯಿತು, ಹದಿನೈದು ಆಯಿತು. ಮುನ್ನಾ ನನ್ನ ಕಡೆ ನೋಡುತ್ತಿದ್ದ. ನಾನು ತಲೆಯಾಡಿಸಲಿಲ್ಲ. ಹಾಡು ಮುಗಿದರೆ ನಾನು ಹೇಳಬೇಕು. ಹೇಳಿದರೆ ಸುಬ್ಬಣ್ಣ ಸಾಯುತ್ತಾರೆ. ಹಾಡು ನಡೆಯುತ್ತಿರುವಷ್ಟು ಹೊತ್ತು ದೊಡ್ಡಪ್ಪನ ಪಾಲಿಗೆ ಅವರು ಕಡೂರಿನಲ್ಲಿ ಬದುಕಿಯೇ ಇದ್ದಾರೆ. ಹೀಗೆಲ್ಲ ಯೋಚಿಸುತ್ತ ನುಡಿಸಿದೆ. ಲೀಡ್ ಗಿಟಾರಿನವನಿಗೆ ಇದ್ದಬದ್ದ ಸ್ವರವೆಲ್ಲ ಮುಗಿದು ಅವನು ಮೊದಲಿನಿಂದ ಶುರು ಮಾಡಿದ. ಅರ್ಧ ಗಂಟೆ ದಾಟಿತು. ಆಚೆಯ ಮರಳಿನ ಮೇಲಿನ ಬಿಸಿಲು ಹೋಯಿತು. ಕೊನೆಗೆ ದೊಡ್ಡಪ್ಪನೇ ನನ್ನ ಕಣ್ಣಿಗೆ ಕಣ್ಣು ಕೊಟ್ಟು, ನಿಧಾನವಾಗಿ, ಸಾಕು ಎನ್ನುವಂತೆ ತಲೆಯಾಡಿಸಿದರು. ನಾನು ಮುನ್ನಾನ ಕಡೆ ತಿರುಗಿದೆ. ಮುಗಿಸಿದೆವು.

ಮುನ್ನಾ ಬೆವರೊರೆಸಿಕೊಳ್ಳುತ್ತ ನೋಟುಪುಸ್ತಕ ಹಿಡಿದು ಬಂದ. ಹಳೆಯ ಅಭ್ಯಾಸ, ಬಾಯಿಗೆ ಬಂದದ್ದು ಅದೇ ಪ್ರಶ್ನೆ. "ನಾಮ್ ಬೋಲೋ ಭೈಯಾ. ಇದು ಯಾರದು?"

"ಯಾರದೂ ಅಲ್ಲ. ಸುಮ್ನಿರು" ಎಂದೆ. ದೊಡ್ಡಪ್ಪ ಅಲ್ಲೇ ಇದ್ದರು.

"ಸುಬ್ಬಣ್ಣ ಅಂತ ಬರ್ಕೊಳಪ್ಪ" ಎಂದರು ದೊಡ್ಡಪ್ಪ. "ಕಡೂರು ಸುಬ್ಬಣ್ಣ."

ಮುನ್ನಾನ ಪೆನ್ನು ಅಲ್ಲೇ ನಿಂತಿತು.

"ನಿಂಗೆ ಎಷ್ಟೊತ್ತಿಗೆ ಫೋನ್ ಬಂತೋ?" ಎಂದು ಕೇಳಿದರು.

"ಏಳಕ್ಕೆ."

"ನಂಗೆ ಐದಕ್ಕೇ ಬಂತು. ಅವನ ಮಗ ಮಾಡಿದ್ದ. ಶೀನನಿಗೆ ಹೇಳಬೇಡ, ಸಂಜೆ ಅವನ ಹಾಡಿದೆ, ಆಮೇಲೆ ನಾನೇ ಹೇಳ್ತೀನಿ ಅಂದಿದ್ದೆ. ಸೊಸೆಗೆ ಗೊತ್ತಿಲ್ಲ, ಪಾಪ." ನನ್ನ ಕಡೆ ತಿರುಗಿದರು. "ಬೆಳಿಗ್ಗೆ ನೀನು ಮಂಡಿ ಅಂದಾಗಲೇ ತಿಳೀತು. ಎಷ್ಟು ವರ್ಷದಿಂದ ಗೊತ್ತೋ ನಿಂಗೆ?"

"ಬಹಳ ವರ್ಷ ಆಯ್ತು, ದೊಡ್ಡಪ್ಪ."

ಅವರು ಹೂಂ ಎಂದು ಕೈ ಚಾಚಿದರು. ನಾನು ಹಿಡಿದುಕೊಂಡೆ. ಗಾಯತ್ರಿ ಇನ್ನೊಂದು ಕಡೆ ಹಿಡಿದಳು. ಮೂವರೂ ನೀರಿನ ಹತ್ತಿರದ ಮೆಟ್ಟಿಲವರೆಗೆ ಇಳಿದೆವು. ಸಾವಿನ ಸುದ್ದಿ ಕೇಳಿದವರು ಉಟ್ಟ ಬಟ್ಟೆಯಲ್ಲೇ ಮೀಯಬೇಕು. ಬೆಳಿಗ್ಗೆಯಿಂದ ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟು ಆ ಸ್ನಾನವನ್ನೂ ಮಾಡಿರಲಿಲ್ಲ. ಅವರನ್ನು ಮೆಟ್ಟಿಲ ಮೇಲೆ ಕೂರಿಸಿ, ಮುನ್ನಾ ಓಡಿ ತಂದ ಚೊಂಬಿನಿಂದ ಅವರ ತಲೆಗೆ ನೀರು ಹುಯ್ದೆ. ಆಮೇಲೆ ನನ್ನ ತಲೆಗೆ ಹುಯ್ದುಕೊಂಡೆ.

"ಈಗ ಕೇಳಿದ ಹಾಗಾಯ್ತು" ಎಂದರು ದೊಡ್ಡಪ್ಪ. "ಇನ್ನು ಅಳಬಹುದು ಕಣೋ, ಶೀನ."

ಹಾಗೆಂದು ನನಗೆ ಹೇಳಿ, ನನಗಿಂತ ಮೊದಲು ಅವರೇ ಅತ್ತರು.